ಮದ್ರಾಸಿನಿಂದ ಬಂದ ಬೇರಿಂಗು

3 ಮಾರ್ಚ್ 1980, ಸೋಮವಾರ

ಒಂಬತ್ತನೇ ಡಬ್ಬ ತೊಳೆದಾಯಿತು. ವಾಲ್ವು ಎಂಟು. ಸ್ಪ್ರಿಂಗು ಹದಿನಾರು, ದೊಡ್ಡದರೊಳಗೆ ಚಿಕ್ಕದು. ಸೀಮೆಎಣ್ಣೆ ಮುಗಿಯುತ್ತಾ ಬಂತು. ಬ್ರಷ್ಷು ಕೂದಲು ಉದುರಿಸುತ್ತದೆ. ಒಂದು ಕೂದಲು ಸಾಕು, ಎಂಜಿನಿನ ಎಣ್ಣೆ ದಾರಿ ಕಟ್ಟಿಕೊಳ್ಳುವುದಕ್ಕೆ. ಇದನ್ನು ಇವರಿಗೆ ಎಷ್ಟು ಸಲ ಹೇಳಿದ್ದೆನೋ.

ಈ ಡೈರಿ ಬಂದದ್ದು ಇವರ ಹೆಸರಿಗೆ. ಬೆಂಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವರು ವರ್ಷ ವರ್ಷ ಕಳಿಸುತ್ತಾರೆ — ಶ್ರೀ ಮುನಿರಾಮಪ್ಪ, ಮೋಟಾರ್ ಮೆಕ್ಯಾನಿಕ್, ಮದ್ರಾಸ್ ರಸ್ತೆ, ಮುಳಬಾಗಿಲು. ಅವರಿಗೆ ಯಾರೂ ತಿಳಿಸಿಲ್ಲ. ನಾನೂ ಕಾಗದ ಹಾಕಲಿಲ್ಲ. ಎರಡು ತಿಂಗಳು ಹಾಳೆ ಖಾಲಿ ಬಿಟ್ಟೆ. ಸುಮ್ಮನೆ ಹಾಳಾಗುವುದಕ್ಕಿಂತ ನಾನೇ ಬರೆಯುತ್ತೇನೆ. ಯಾರು ಓದಬೇಕು ಇದನ್ನು.

ಹೋದ ಅಕ್ಟೋಬರ್ ಇಪ್ಪತ್ತನಾಲ್ಕು. ಮದ್ರಾಸಿಗೆ ಹೋಗಿದ್ದವರು ಗುರುತಿನ ಡ್ರೈವರ್ ಒಬ್ಬನ ಲಾರಿ ಹತ್ತಿ ವಾಪಸು ಬರುತ್ತಿದ್ದರು. ವಾಲಾಜಾ ಹತ್ತಿರ ಲಾರಿ ಮಗುಚಿತು. ಡ್ರೈವರಿಗೆ ಕೈ ಮುರಿಯಿತು. ಇವರು ಉಳಿಯಲಿಲ್ಲ. ಆಮೇಲೆ ಪೊಲೀಸರು ಚೀಲ ತಂದುಕೊಟ್ಟರು. ಅತ್ತೆ ಅದನ್ನು ತಮ್ಮ ಮಂಚದ ಕೆಳಗೆ ತಳ್ಳಿಕೊಂಡಿದ್ದಾರೆ. ಇನ್ನೂ ಬಿಚ್ಚಿಲ್ಲ.

ಶೆಡ್ಡಿನಲ್ಲಿ ಉಳಿದದ್ದು ಒಂದೇ ಕೆಲಸ. ಎಂಜಿ ಕಾರಿನ ಎಂಜಿನು — ಬಿಚ್ಚಿ ಹದಿನಾಲ್ಕು ಬಿಸ್ಕತ್ ಡಬ್ಬಗಳಲ್ಲಿ ತುಂಬಿಟ್ಟದ್ದು. ಎರಡೇ ಸೀಟಿನ, ತಲೆ ಮೇಲೆ ಮುಚ್ಚಳವಿಲ್ಲದ ಕಾರು. ಚಿನ್ನದ ಗಣಿಯ ಇಂಗ್ಲಿಷ್ ಅಧಿಕಾರಿಯೊಬ್ಬ ಊರಿಗೆ ಹೋಗುವಾಗ ಬಿಟ್ಟುಹೋದದ್ದನ್ನು ಮಾಲೂರಿನ ಹೆಂಚಿನ ಫ್ಯಾಕ್ಟರಿಯ ಕೋದಂಡರಾಮಪ್ಪನವರು ಕೊಂಡರು. ಕಾರು ಮಾಲೂರಿನಲ್ಲಿ ಟಾರ್ಪಾಲಿನ ಕೆಳಗಿದೆ. ಜೀವ ಇಲ್ಲಿ ಡಬ್ಬದಲ್ಲಿದೆ.

ಇವತ್ತು ಅವರ ಕಾಗದ ಬಂತು. ಬಂದು ಡಬ್ಬಗಳನ್ನು ತೆಗೆದುಕೊಂಡು ಹೋಗುತ್ತಾರಂತೆ, ಬೆಂಗಳೂರಿಗೆ.

ಕೊಡುವುದಿಲ್ಲ.

9 ಮಾರ್ಚ್

ಕೋದಂಡರಾಮಪ್ಪನವರು ಬಂದಿದ್ದರು. ಒಳ್ಳೆಯವರು. ಜೋಡು ಹೊರಗೆ ಬಿಟ್ಟು ಶೆಡ್ಡಿನೊಳಕ್ಕೆ ಬಂದರು, ದೇವಸ್ಥಾನವೇನೋ ಎಂಬಂತೆ.

"ಯಾರು ಜೋಡಿಸ್ತಾರಮ್ಮ ಇದನ್ನ?"

"ನಾನು."

ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು, ಸಿಟ್ಟು ಮಾಡಿಕೊಳ್ಳಬಹುದಿತ್ತು. ಹನ್ನೊಂದು ವರ್ಷ ಇವರು ಬಿಚ್ಚಿದ್ದನ್ನೆಲ್ಲ ತೊಳೆದವಳು ನಾನು ಎಂದೆ. ಮೈಕ್ರೋಮೀಟರ್ ಓದಲು ಬರುತ್ತದೆ ಎಂದೆ. ಅವರು ಡಬ್ಬಕ್ಕೆ ಕೈ ಹಾಕಿ ಒಂದು ಸಾಮಾನು ತೆಗೆದು, ನನ್ನ ಕೈ ಬೆನ್ನ ಹಿಂದೆ ಚಾಚಲು ಹೇಳಿ, ಕಣ್ಣಿಗೆ ಕಾಣದ ಹಾಗೆ ಬೆರಳಿಗೆ ತಾಗಿಸಿದರು. ಮಗುವಿನ ಆಟದ ಹಾಗೆ. ಎಪ್ಪತ್ತರ ಹತ್ತಿರದ ಮನುಷ್ಯ!

"ರಾಕರ್, ವಾಲ್ವು ಒತ್ತೋದು. ಮೂರನೇದು. ತುದಿ ಎಡಕ್ಕೆ ಸವೆದಿದೆ."

ತಿರುಗಿಸಿ ನೋಡಿದರು. ಡಬ್ಬಕ್ಕೇ ವಾಪಸು ಇಟ್ಟರು.

"ಕಾರ್ತಿಕ ಮಾಸದೊಳಗೆ ಓಡಬೇಕು. ಇಲ್ದಿದ್ರೆ ಬೆಂಗಳೂರಿಗೆ. ಮುನಿರಾಮಪ್ಪನ ಮುಖ ನೋಡಿ ಹೇಳ್ತಿದೀನಿ ಕಣಮ್ಮ."

ಅವರು ಹೋದ ಮೇಲೆ ಅತ್ತೆ ಬಾಗಿಲಲ್ಲಿ ನಿಂತು, "ಹೆಂಗಸಿಗ್ಯಾಕೇ ಕಾರು? ಜನ ಏನಂತಾರೆ?" ಎಂದರು. ಬಾವಿ ಕಟ್ಟೆಯಲ್ಲಿ ಅದೇ ಜನಕ್ಕೆ "ನನ್ ಸೊಸೆ ಮೋಟ್ರು ಕಟ್ತಾಳೆ, ತಿಳ್ಕಾ" ಎಂದು ಹೇಳಿಕೊಂಡು ಬಂದರಂತೆ. ಪಕ್ಕದ ಮನೆಯವಳು ಹೇಳಿದಳು. ಇದು ನಮ್ಮ ಅಂಜಮ್ಮನವರು.

27 ಮಾರ್ಚ್

ಪಿಸ್ಟನ್ ಆರಿಸಬೇಕು. ಎರಡು ಜೊತೆ ಇಟ್ಟು ಹೋಗಿದ್ದಾರೆ. ನಾಲ್ಕು ಇಂಗ್ಲೆಂಡಿನವು, ನಾಲ್ಕು ಫಿಯೆಟ್ಟಿನವು. ಯಾವುದನ್ನು ಹಾಕುವುದೆಂದು ತೀರ್ಮಾನಿಸಿರಲಿಲ್ಲ, ಅಥವಾ ತೀರ್ಮಾನಿಸಿ ನನಗೆ ಹೇಳಿರಲಿಲ್ಲ.

ಎಂಟನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ಅಕ್ಕಸಾಲಿಗರ ಅಂಗಡಿಗೆ ಹೋದೆ. ಬೆಳ್ಳಿ ತೂಗುವ ತಕ್ಕಡಿ ಬೇಕಿತ್ತು. ಇವರೂ ಅಲ್ಲಿಗೇ ಒಯ್ಯುತ್ತಿದ್ದರು. ಒಡವೆ ಮಾಡಿಸಲು ಬಂದ ಹೆಂಗಸರೆಲ್ಲ ನೋಡುತ್ತಾ ನಿಂತರು. "ಏನಮ್ಮ, ಸೊಂಟಕ್ಕೆ ಡಾಬು ಮಾಡಿಸ್ತೀಯಾ?" ಎಂದಿತು ಒಂದು ಮುದುಕಿ. ನಕ್ಕೆ. ಐದು ತಿಂಗಳಾಗಿತ್ತು ನಕ್ಕು.

ಫಿಯೆಟ್ಟಿನವು ನಾಲ್ಕೂ ಒಂದೇ ತೂಕ, ಒಂದು ತಾಯಿ ಮಕ್ಕಳ ಹಾಗೆ. ಇಂಗ್ಲೆಂಡಿನವು ಮೂರು ಸಮ, ಒಂದು ಎರಡು ಗ್ರಾಂ ಜಾಸ್ತಿ. ಆದರೂ ಇಂಗ್ಲೆಂಡಿನವೇ ಎಂದುಕೊಂಡೆ. ಫಿಯೆಟ್ಟಿನವನ್ನು ರಾಡಿಗೆ ಸೇರಿಸುವ ಪಿನ್ನು ದಪ್ಪ. ಅದನ್ನು ಹಾಕಿದರೆ ಹಳೆ ರಾಡುಗಳನ್ನು ಕೊರೆಯಬೇಕು. ಹೆಚ್ಚಿರುವ ಎರಡು ಗ್ರಾಮನ್ನು ಒಳಗಡೆ ಉಜ್ಜಿ ಇಳಿಸಬಹುದು. ಕೊರೆದ ಲೋಹವನ್ನು ಮತ್ತೆ ಕೂಡಿಸಲಾಗದು. ಇವರ ಮಾತೇ ಇದು.

15 ಏಪ್ರಿಲ್

ಕೋಲಾರಕ್ಕೆ ಹೋಗಿದ್ದೆ, ಆವಲಪ್ಪಣ್ಣನ ಲೇತ್ ಅಂಗಡಿಗೆ. ಇವರಿಗೆ ಇಪ್ಪತ್ತು ವರ್ಷದ ಸ್ನೇಹಿತ. ನಮ್ಮ ಎಂಜಿನಿನ ಕ್ರ್ಯಾಂಕು, ಪಿಸ್ಟನ್ನುಗಳು ತಿರುಗಿಸುವ ಉಕ್ಕಿನ ದಂಡ, ಅಲ್ಲೇ ಇದೆ; ಆಯುಧಪೂಜೆಯ ಮಾರನೆಯ ದಿನ ಕೊನೆಯ ಪಾಲಿಷ್ಷಿಗೆ ಎಂದು ಇವರೇ ಒಯ್ದು ಕೊಟ್ಟಿದ್ದರು. ಬ್ಲಾಕನ್ನೂ ಅಲ್ಲೇ ಬಿಟ್ಟು ಬಂದೆ, ಅದರ ತೂತುಗಳನ್ನು ಪಿಸ್ಟನ್ನಿಗೆ ತಕ್ಕಂತೆ ಬೋರ್ ಮಾಡಲು. ತೂಕ ಹೆಚ್ಚಿದ್ದ ಪಿಸ್ಟನ್ನನ್ನು ನನ್ನೆದುರೇ ಉಜ್ಜಿಕೊಟ್ಟ.

"ಕ್ರ್ಯಾಂಕೂ ಕೊಟ್ಬಿಡಣ್ಣ, ಬಸ್ಸಲ್ಲೇ ಹಾಕ್ಕೊಂಡ್ ಹೋಗ್ತೀನಿ."

"ಅದಕ್ಕೇನ್ ಆತುರ ತಂಗೆಮ್ಮ? ಗ್ರೀಸ್ ಸವರಿ ಗೋಣೀಲಿ ಸುತ್ತಿ ಇಟ್ಟಿದೀನಿ. ನಾನೇ ತಂದ್ಕೊಡ್ತೀನಿ ಬಿಡು."

ಅಷ್ಟು ಹೇಳಿ ಲೇತಿನ ಕಡೆ ತಿರುಗಿಕೊಂಡ. ಕೂತು ಟೀ ಕುಡಿ ಎನ್ನಲಿಲ್ಲ. ಎಂದೂ ಹಾಗೆ ಮಾಡಿದವನಲ್ಲ.

2 ಜೂನ್

ಮಾವಿನ ಕಾಲ. ಶ್ರೀನಿವಾಸಪುರದ ಲಾರಿಗಳು ರಸ್ತೆ ತುಂಬ. ಮೊದಲಾಗಿದ್ದರೆ ಶೆಡ್ಡಿನ ಮುಂದೆ ನಾಲ್ಕಾದರೂ ನಿಂತಿರುತ್ತಿದ್ದವು. ಈಗ ಹಾರ್ನ್ ಹೊಡೆದು ಹೋಗುತ್ತಾರೆ. ಗೌರವಕ್ಕೆ.

ಬೇರಿಂಗಿನ ಡಬ್ಬ ತೆಗೆದೆ. ಕ್ರ್ಯಾಂಕು ತಿರುಗುವ ಏಳು ಜಾಗಕ್ಕೂ ಒಂದೊಂದು ಜೊತೆ ಅರ್ಧ ಚಂದ್ರ. ಮೇಣದ ಕಾಗದದ ಮೇಲೆ ಇವರ ಪೆನ್ಸಿಲ್ ಬರಹ: 'ಇಪ್ಪತ್ತು'. ಕ್ರ್ಯಾಂಕನ್ನು ಅಂಗುಲದ ಸಾವಿರದಲ್ಲಿ ಇಪ್ಪತ್ತು ಪಾಲು ಸಣ್ಣಗೆ ಉಜ್ಜಿದರೆ ಬೇರಿಂಗು ಅಷ್ಟೇ ದಪ್ಪನೆಯದು ಬೇಕು. ಅದಾದ ಮೇಲೆ ನಲವತ್ತು. ನಲವತ್ತರ ಮೇಲೆ ಇವರು ಹೋಗುತ್ತಿರಲಿಲ್ಲ, ಕ್ರ್ಯಾಂಕಿಗೆ ಬಲ ಸಾಲದು ಎನ್ನುತ್ತಿದ್ದರು. ಇದು ಇಪ್ಪತ್ತರದು. ನನಗೆ ಚೆನ್ನಾಗಿ ನೆನಪಿದೆ. ಹೋದ ವರ್ಷ ಆಯುಧಪೂಜೆಗೆ ಮೂರು ದಿನ ಮುಂಚೆ ಆವಲಪ್ಪಣ್ಣ ಇಪ್ಪತ್ತಕ್ಕೆ ಉಜ್ಜಿ ತಂದುಕೊಟ್ಟ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪೂಜೆಗೆ ಅದನ್ನೇ ನಡುವೆ ಇಟ್ಟೆ. ಅಷ್ಟು ಚೆಂದದ ಪೂಜೆ ನಮ್ಮ ಶೆಡ್ಡಿನಲ್ಲಿ ಎಂದೂ ಆಗಿರಲಿಲ್ಲ.

ಎಂಜಿನಿನ ತಲೆಗೂ ಬ್ಲಾಕಿಗೂ ನಡುವೆ ಹಾಕುವ ಗ್ಯಾಸ್ಕೆಟ್ ಮಾತ್ರ ಎಲ್ಲೂ ಸಿಗಲಿಲ್ಲ. ಮದ್ರಾಸಿಗೆ ಹೋದದ್ದೇ ಗ್ಯಾಸ್ಕೆಟ್ ತರಲು. ಹಾಗಾದರೆ ಚೀಲದಲ್ಲಿರಬೇಕು.

ಮಂಚದ ಕೆಳಗಿನ ಚೀಲ ಬಿಚ್ಚಬೇಕು.

4 ಜೂನ್, ಬೆಳಗ್ಗೆ

ಬಿಚ್ಚಿದೆವು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಪಂಚೆ, ಟವೆಲು. ಅತ್ತೆ ಟವೆಲನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡರು. ಅಳುವುದಕ್ಕಿಂತ ಅದೇ ಕಷ್ಟವಾಯಿತು ನೋಡಲು.

ಹೊಸ ಬ್ರಷ್ಷು ಒಂದು. ಮೆತ್ತನೆ ಕೂದಲಿನದು, ಎಳೆದರೂ ಉದುರುವುದಿಲ್ಲ. ನನಗೆ.

ಕೇಳಿಸಿಕೊಂಡಿದ್ದರು ಹಾಗಾದರೆ. ನಾನು ಗೊಣಗಿದಾಗಲೆಲ್ಲ ಹೂಂ ಎನ್ನದೆ ಸ್ಪ್ಯಾನರು ಹುಡುಕುತ್ತಿದ್ದವರು.

ಗ್ಯಾಸ್ಕೆಟ್ ಇಲ್ಲ. ಅದರ ಬದಲು ಒಂದು ರಟ್ಟಿನ ಪೆಟ್ಟಿಗೆ. ಮೂಲೆ ಜಜ್ಜಿದೆ. ಒಳಗೆ ಬೇರಿಂಗು, ಏಳು ಜೊತೆ. ಬೆನ್ನ ಮೇಲೆ ಅಚ್ಚು: 040.

ನಲವತ್ತು! ಇಪ್ಪತ್ತರ ಬೇರಿಂಗು ಮನೆಯಲ್ಲಿರುವಾಗ ನಲವತ್ತು ಯಾಕೆ? ಈ ಕ್ರ್ಯಾಂಕಿಗೆ ಅದು ಕೂರುವುದೇ ಇಲ್ಲ. ಬೇರೆ ಯಾರಿಗಾದರೂ ತಂದರೆ? ಎಂಜಿ ಇನ್ನು ಯಾರ ಬಳಿಯೂ ಇಲ್ಲ ಈ ಕಡೆ. ಅಂಗಡಿಯವನು ತಪ್ಪು ಪೆಟ್ಟಿಗೆ ಕೊಟ್ಟನೇ? ಇವರು ಅಚ್ಚು ನೋಡದೆ ತಂದವರಲ್ಲವಲ್ಲ.

ಸಿಟ್ಟು ಬಂತು. ಹೋದವರ ಮೇಲೆ ಸಿಟ್ಟು ಮಾಡಬಾರದಂತೆ. ಬಂತು, ಏನು ಮಾಡಲಿ. ಬೇಡದ ಸಾಮಾನಿಗೆ ಜೀವ ಕೊಟ್ಟರಲ್ಲ.

20 ಜೂನ್

ಆವಲಪ್ಪಣ್ಣನಿಗೆ ಎರಡು ಕಾಗದ ಬರೆದೆ, ಉತ್ತರ ಇಲ್ಲ. ಇವತ್ತು ನಾನೇ ಹೋಗಿ 040 ಪೆಟ್ಟಿಗೆ ಮುಂದಿಟ್ಟೆ.

"ಅಂಗಡಿಯೋನು ತಪ್ಪು ಕೊಟ್ಟಿರ್ಬೇಕು ಕಣಮ್ಮ."

"ಅವರು ನೋಡ್ಕೊಳ್ದೆ ತರ್ತಿದ್ರಾ?"

"ಒಂದೊಂದ್ ಸಲ ಆಗುತ್ತೆ."

"ಹಂಗಾದ್ರೆ ಕ್ರ್ಯಾಂಕ್ ಕೊಡು, ಇಪ್ಪತ್ತರದ್ದೇ ಕೂರ್ಸ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಅಂದ. ಚಿನ್ನದ ಗಣಿ ಕಡೆ ಮುರುಕಲು ಎಂಜಿ ಒಂದು ಈಚೆಗೆ ಪತ್ತೆಯಾಗಿದೆ, ಅದರ ಕ್ರ್ಯಾಂಕು ಇನ್ನೂ ಉಜ್ಜಿಲ್ಲವಂತೆ, ಅದನ್ನು ಕೊಂಡು ಇಪ್ಪತ್ತಕ್ಕೆ ಉಜ್ಜಿಬಿಟ್ಟರೆ ಒಳ್ಳೆಯದಂತೆ. ಇರುವುದಕ್ಕೆ ಏನಾಗಿದೆ ಎಂದರೆ, "ಏನೂ ಆಗಿಲ್ಲ. ಅದು ಹಳೇದಾಯ್ತಲ್ಲ." ಕಣ್ಣಿಗೆ ಕಣ್ಣು ಕೊಡಲಿಲ್ಲ.

ಕಳೆದುಹಾಕಿದ್ದಾನೋ, ಮಾರಿಕೊಂಡಿದ್ದಾನೋ. ನಂಬಿದವರನ್ನೂ ನಂಬಬಾರದ ಕಾಲ ಬಂತೇ ನನಗೆ.

13 ಜುಲೈ

ಕ್ರ್ಯಾಂಕು ಬಂತು. ಅವನು ಕೊಡಲಿಲ್ಲ, ನಾನೇ ತಂದೆ. ಅವನು ಊಟಕ್ಕೆ ಹೋದಾಗ ಅಂಗಡಿಗೆ ನುಗ್ಗಿ ಗೋಣಿ ಸಮೇತ ಹೊತ್ತು ತಂದು ಬಸ್ಸಿಗೆ ಹಾಕಿದೆ. ಕಂಡಕ್ಟರು "ಇದೇನಮ್ಮ, ಹೆಣ ಇದ್ದಂಗೈತೆ" ಎಂದ.

ಗ್ರೀಸು ಒರೆಸಿ ಅಳತೆ ಹಿಡಿದೆ. ಕೈ ತಪ್ಪಿತೇನೋ ಎಂದು ಮತ್ತೆ ಹಿಡಿದೆ. ಮೈಕ್ರೋಮೀಟರನ್ನು ಸೊನ್ನೆಗೆ ತಂದು ಮತ್ತೆ. ಐದು ಸಲ.

ಇದು ಇಪ್ಪತ್ತಲ್ಲ. ನಲವತ್ತು. ಏಳೂ ಜಾಗ.

ಪೂಜೆಯಾದ ಮೇಲೆ ಯಾರೋ ಇದನ್ನು ಇನ್ನೊಂದು ಸಲ ಉಜ್ಜಿದ್ದಾರೆ. ಇವರು ತಪ್ಪು ಬೇರಿಂಗು ತಂದಿಲ್ಲ. ಸರಿಯಾದದ್ದನ್ನೇ ತಂದಿದ್ದಾರೆ.

14 ಜುಲೈ

ಬೆಳಗ್ಗೆ ಮೊದಲ ಬಸ್ಸಿಗೇ ಆವಲಪ್ಪಣ್ಣ ಬಂದ. ಅಂಗಡಿಯಲ್ಲಿ ಗೋಣಿ ಇಲ್ಲದ್ದು ನೋಡಿ ಗೊತ್ತಾಗಿದೆ. ಶೆಡ್ಡಿನ ಕಲ್ಲಿನ ಮೇಲೆ ಕೂತ. ನಾನು ಬೈಯಲು ಬಾಯಿ ತೆರೆದಿದ್ದೆ.

"ಅಳತೆ ಹಿಡಿದ್ಯಾ?"

"ಹಿಡಿದೆ. ಯಾಕಣ್ಣ ಉಜ್ಜಿದೆ ಇನ್ನೊಂದ್ ಸಲ? ನಿನ್ ಕೈ ತಪ್ಪಿತ್ತಾ?"

"ಹೂಂ ಅಂದ್ಬಿಡ್ತಿದ್ದೆ ತಂಗೆಮ್ಮ. ಬಸ್ಸಲ್ಲಿ ಅದನ್ನೇ ಯೋಚ್ನೆ ಮಾಡ್ಕೊಂಡ್ ಬಂದೆ. ನಿನ್ ಮುಖ ನೋಡಿದ್ರೆ ಬರ್ತಿಲ್ಲ ಬಾಯಿಗೆ."

ಆಮೇಲೆ ಹೇಳಿದ. ನಿಧಾನವಾಗಿ. ಅವನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಆಯುಧಪೂಜೆ ದಿನ ಸಂಜೆ ಪ್ರಸಾದಕ್ಕೆ ಅಂತ ಬಂದಿದ್ನಲ್ಲ. ನಾವಿಬ್ರೂ ಶೆಡ್ಡಿಗೆ ಬಂದ್ವಿ. ನೋಡಿದ್ರೆ ಕ್ರ್ಯಾಂಕಿನ ಮೇಲೆ ನಿಂಬೆಹಣ್ಣಿನ ಹೋಳು ಮಗುಚಿ ಇಟ್ಟಿದ್ದೆ ನೀನು, ಏಳು ಕಡೆ. ಗ್ರೀಸೆಲ್ಲ ತೊಳೆದು. ನಿಂಬೆಹುಳಿ, ಕುಂಕುಮ, ಒದ್ದೆ ಹೂವು. ಉಜ್ಜಿದ ಉಕ್ಕು, ಮೇಲೆ ಒಂದ್ ತೊಟ್ಟು ಎಣ್ಣೆ ಇಲ್ಲ. ತೆಗೀತೀನಿ ಅಂತ ಕೈ ಹಾಕ್ದೆ. ಮುನಿರಾಮ ಕೈ ಹಿಡ್ಕೊಂಡ. ಬೇಡ ಕಣೋ, ಆಕೆ ಇಟ್ಟಿರೋದು, ಪೂಜೆಗಿಟ್ಟಿದ್ದು, ಬೆಳಗ್ಗೆವರೆಗೂ ಇರಲಿ ಅಂದ. ಬೆಳಗ್ಗೆ ನೀನು ನೋಡೋ ಮುಂಚೆ ತೆಗೆದು ನನ್ ಅಂಗಡಿಗೆ ತಂದ, ಏಳು ಕಡೆನೂ ಕಪ್ಪು ಮಚ್ಚೆ. ಉಗುರು ಸಿಕ್ಕಾಕ್ಕೊಳ್ಳೋ ಅಷ್ಟು ಗುಳಿ. ಎಷ್ಟ್ ಪಾಲಿಷ್ ಹೊಡೆದ್ರೂ ಹೋಗ್ಲಿಲ್ಲ. ನಲವತ್ತಕ್ಕೆ ಇಳಿಸ್ದೆ. ಬೇರಿಂಗ್ ಮದ್ರಾಸಲ್ಲಿ ಒಂದೇ ಒಂದು ಸೆಟ್ ಇತ್ತು. ಆಕೆಗೆ ಹೇಳ್ಬೇಡ, ಗ್ಯಾಸ್ಕೆಟ್ಟಿಗೆ ಅಂತ ಹೇಳಿ ಹೋಗ್ಬರ್ತೀನಿ ಅಂದ."

ಟೀ ಕೊಟ್ಟೆ. ಕುಡಿದ. ಬಸ್ಸಿಗೆ ಹೋದ.

3 ಆಗಸ್ಟ್

ಬರೆಯಲಿಲ್ಲ.

ಕುಂಕುಮ ಗ್ರೀಸಿನ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ತೊಳೆದೆ. ಸೀಮೆಎಣ್ಣೆ, ಆಮೇಲೆ ಸೀಗೆಪುಡಿ, ಆಮೇಲೆ ಬಟ್ಟೆ. ಯಾವತ್ತೂ ಇಲ್ಲದಷ್ಟು ಚೆನ್ನಾಗಿ ತೊಳೆದೆ. ಸ್ಪ್ಯಾನರಿಗೆ, ಜಾಕಿಗೆ, ಸುತ್ತಿಗೆಗೆಲ್ಲ ವರ್ಷ ವರ್ಷ ನಿಂಬೆಹೋಳು ಇಟ್ಟವಳು. ಅವಕ್ಕೆ ಏನೂ ಆಗಿರಲಿಲ್ಲ. ಬಚ್ಚಲ ಹಿಂದಿನ ಗಿಡದಿಂದ ಅತ್ತೆ ನಾಲ್ಕು ಹಣ್ಣು ಕಿತ್ತುಕೊಟ್ಟರು. ನಾಲ್ಕಕ್ಕೆ ಎಂಟು ಹೋಳು. ಏಳು ಕ್ರ್ಯಾಂಕಿಗೆ.

ಎಂಟನೆಯದನ್ನು ಚಿತ್ರಾನ್ನಕ್ಕೆ ಹಿಂಡಿದೆ.

ಆ ರಾತ್ರಿ ಇವರು ಶೆಡ್ಡಿನಿಂದ ಬಂದು ಕೈ ತೊಳೆದು ಊಟಕ್ಕೆ ಕೂತರು. ಎಲ್ಲ ನೋಡಿ ಬಂದಿದ್ದಾರೆ ಆಗಲೇ. ಎರಡು ಸಲ ಬಡಿಸಿಕೊಂಡರು. "ಹುಳಿ ಹದವಾಗಿದೆ" ಎಂದರು. ಮುಖ ನೋಡಿದ್ದೆ ನಾನು. ಏನೂ ಇರಲಿಲ್ಲ ಮುಖದಲ್ಲಿ. ಬೈಯಬಾರದಿತ್ತೇ? ಒಂದು ಮಾತು. ಏನೇ ಕತ್ತೆ, ಎಂಥ ಕೆಲಸ ಮಾಡಿದೆ ಎಂದು. ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ. ಗ್ಯಾಸ್ಕೆಟ್ಟಿಗೆ ಎಂದರು, ನಂಬಿದೆ. ದಾರಿಗೆ ಬುತ್ತಿ ಬೇರೆ ಕಟ್ಟಿಕೊಟ್ಟೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನಗೆ ದೊಣ್ಣೆಯೂ ಬೇಕಾಗಲಿಲ್ಲ.

ನನ್ನಿಂದ ಹೋದರು. ಬರೆದೆ ನೋಡು. ಬರೆದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

24 ಆಗಸ್ಟ್

ತವರು ಲಕ್ಕೂರಿನಿಂದ ಅಣ್ಣ ಬಂದಿದ್ದ. ಶೆಡ್ಡು ಮುಚ್ಚಿ ಬಂದುಬಿಡು ಎಂದ. ಬರುತ್ತೇನೆ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅತ್ತೆ ಅವನಿಗೆ ಹೇಳಿದರು, "ಕಾರ್ತಿಕ ಆಗ್ಲಿ ಕಣಪ್ಪ. ನನ್ ಮಗ ಬಿಟ್ಟೋದ ಕೆಲ್ಸ ಅದೆ. ಇವಳು ಮುಗಿಸ್ತಾಳೆ."

ಆ ಮುದುಕಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ನನ್ನ ಪರ ಮಾತಾಡುತ್ತಾರೆ. ಒಂದೇ ಒಲೆ, ಒಂದೇ ಮನೆ, ರಾತ್ರಿ ಪಕ್ಕದಲ್ಲೇ ಮಲಗುತ್ತಾರೆ. ಹೇಳಬೇಕು. ಹೇಳಿದರೆ ಈ ಮನೆಯಲ್ಲಿ ನನಗೆ ಯಾರು?

ಆವಲಪ್ಪಣ್ಣನಿಗೆ ಕಾಗದ ಹಾಕಿದೆ: ಗಣಿ ಕಡೆಯ ಆ ಇನ್ನೊಂದು ಕ್ರ್ಯಾಂಕು ತರಿಸು. ಅದನ್ನೇ ಇಪ್ಪತ್ತಕ್ಕೆ ಉಜ್ಜಿ, ಇಪ್ಪತ್ತರ ಬೇರಿಂಗು ಹಾಕುತ್ತೇನೆ. ಮಚ್ಚೆಯದೂ ಬೇಡ, ಮದ್ರಾಸಿನದೂ ಬೇಡ. ಅವೆರಡೂ ನನ್ನ ಕಣ್ಣ ಮುಂದೆ ಬೇಡ.

11 ಸೆಪ್ಟೆಂಬರ್

ಬಂತು. ಆವಲಪ್ಪಣ್ಣನೇ ಹೊತ್ತು ತಂದ. ನೋಡಲು ಚೆಲುವೆ. ಎಲ್ಲೂ ಗೀಟಿಲ್ಲ. ಕೈ ಸವರಿದರೆ ಸುಖ. ಇದೇ, ಇದನ್ನೇ ಹಾಕುವುದು ಎಂದುಕೊಂಡೆ.

ಆದರೆ ತೂಗುಹಾಕಿ ಬಡಿದು ನೋಡದೆ ಕ್ರ್ಯಾಂಕು ಹಾಕುವುದಿಲ್ಲ ಈ ಶೆಡ್ಡಿನಲ್ಲಿ. ಹಗ್ಗ ಕಟ್ಟಿ ತೊಲೆಗೆ ನೇತುಹಾಕಿದೆವು. ಚಿಕ್ಕ ಸುತ್ತಿಗೆಯಲ್ಲಿ ಮೆಲ್ಲಗೆ ಒಂದು ಏಟು. ಸರಿಯಿದ್ದರೆ ಗಂಟೆಯ ಹಾಗೆ ಹಾಡಬೇಕು. ಬಿರುಕಿದ್ದರೆ ಒಡೆದ ಮಡಕೆ.

ಟಪ್ ಎಂದಿತು.

"ಹಗ್ಗ ತಾಗ್ತೇನೋ" ಎಂದೆ. ಹಗ್ಗ ಬದಲಿಸಿದ. ಟಪ್. ಬೇರೆ ಕಡೆ ಬಡಿದೆ. ಟಪ್. ಆವಲಪ್ಪಣ್ಣ ಹಗ್ಗ ಹಿಡಿದುಕೊಂಡ. ನಾನು ಏನು ಹೇಳಿದರೂ ಹೂಂ ಎನ್ನಲು ತಯಾರಾಗಿ ನಿಂತಿದ್ದ. ಹಾಕಿಬಿಡಬಹುದಿತ್ತು. ಸಾವಿರ ಮೈಲಿ ಓಡುತ್ತಿತ್ತೇನೋ. ಕೋದಂಡರಾಮಪ್ಪನವರಿಗೆ ಏನು ಗೊತ್ತಾಗಬೇಕು? ಎಲ್ಲೋ ಇಳಿಜಾರಿನಲ್ಲಿ ಒಂದು ದಿನ ಎರಡು ತುಂಡಾಗುತ್ತಿತ್ತು, ಅಷ್ಟೇ. ರಸ್ತೆಯ ಮೇಲೆ. ಯಾರೋ ಇನ್ನೊಬ್ಬರು ರಸ್ತೆಯ ಮೇಲೆ.

"ಅದನ್ನ ನೇತ್ಹಾಕಣ್ಣ" ಎಂದೆ.

ನಮ್ಮದನ್ನು ನೇತುಹಾಕಿದ. ಬಡಿದೆ.

ಹಾಡಿತು. ಅಡುಗೆಮನೆಯಲ್ಲಿದ್ದ ಅತ್ತೆ, "ಯಾವ ಗುಡೀಲಿ ಗಂಟೆ?" ಎಂದು ಹೊರಗೆ ಬಂದರು. ಎರಡು ಸಲ ಉಜ್ಜಿಸಿಕೊಂಡು, ನನ್ನ ಕೈಲಿ ಸುಡಿಸಿಕೊಂಡು, ಇನ್ನೂ ಹಾಡುತ್ತದೆ. ಸುತ್ತಿಗೆ ಕೆಳಗಿಟ್ಟೆ. ಬೇಡವೆಂದರೂ ಇದೇ ಸರಿ. ಮದ್ರಾಸಿನ ಬೇರಿಂಗೇ ಸರಿ.

29 ಸೆಪ್ಟೆಂಬರ್

ಏಳು ಜೊತೆಯೂ ಕೂತವು. ನೀಲಿ ಬಣ್ಣ ಸವರಿ, ತಿರುಗಿಸಿ, ಬಿಚ್ಚಿ ನೋಡಿದೆ. ಸಮನಾಗಿ ಹತ್ತಿದೆ. ಒಂದನ್ನೂ ಕೆರೆಯಬೇಕಾಗಲಿಲ್ಲ. ಅಂಗಡಿಯಲ್ಲಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿಯೇ ತೆಗೆದುಕೊಂಡಿದ್ದಾರೆ. ಹಾಗೆ ನಿಂತಿದ್ದು ನನಗೆ ಕಾಣುತ್ತದೆ, ಒಂದು ಕಣ್ಣು ಕಿರಿದು ಮಾಡಿಕೊಂಡು.

ಹೊಸ ಬ್ರಷ್ಷಿನಲ್ಲೇ ಎಣ್ಣೆ ಸವರಿದೆ. ಉದುರುವುದಿಲ್ಲ.

ಗ್ಯಾಸ್ಕೆಟ್ಟನ್ನು ತಾಮ್ರದ ತಗಡಿನಲ್ಲಿ ಆವಲಪ್ಪಣ್ಣ ಕತ್ತರಿಸಿಕೊಟ್ಟ. ಅರ್ಧ ದಿನದ ಕೆಲಸ. ಮದ್ರಾಸಿಗೆ ಹೋಗಬೇಕಾಗೇ ಇರಲಿಲ್ಲ ಗ್ಯಾಸ್ಕೆಟ್ಟಿಗೆ. ಆಗಲೇ ನನಗೆ ಹೊಳೆಯಬೇಕಿತ್ತು.

18 ಅಕ್ಟೋಬರ್

ಆಯುಧಪೂಜೆ. ವರ್ಷ ತುಂಬಿಲ್ಲ, ನಮ್ಮ ಮನೆಯಲ್ಲಿ ಹಬ್ಬವಿಲ್ಲ. ರಸ್ತೆಯ ಮೇಲೆ ಬಾಳೆಕಂದು ಕಟ್ಟಿಕೊಂಡ ಲಾರಿಗಳು. ಒಡೆದ ಬೂದುಗುಂಬಳ. ಶೆಡ್ಡಿನ ಬಾಗಿಲು ಮುಚ್ಚಿ ಒಳಗೇ ಕೂತಿದ್ದೆ.

ಅತ್ತೆ ಬಂದರು. ಎಂಜಿನಿನ ಮೇಲೆ ಕೈ ಇಟ್ಟು, "ಹೋದ್ ವರ್ಷ ಎಷ್ಟ್ ಲಕ್ಷಣವಾಗಿತ್ತು ಕಣೇ ಪೂಜೆ" ಎಂದರು.

ಹೇಳಿಬಿಟ್ಟೆ. ನಿಂಬೆಹೋಳು, ಮಚ್ಚೆ, ನಲವತ್ತು, ಮದ್ರಾಸು. ಒಂದನ್ನೂ ಬಿಡಲಿಲ್ಲ. ನನ್ನಿಂದಲೇ ನಿಮ್ಮ ಮಗ ಹೋದದ್ದು ಎಂದೆ. ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆ ತೆಗೆದುಕೊಂಡರು. ಎದ್ದು ಹೋದರು.

26 ಅಕ್ಟೋಬರ್

ಮಾತಿಲ್ಲ. ಒಬ್ಬರೇ ಮುದ್ದೆ ಮಾಡಿಕೊಳ್ಳುತ್ತಾರೆ, ನನ್ನ ಪಾಲು ಮುಚ್ಚಿಡುತ್ತಾರೆ. ಮಂಚ ಹೊರಗೆ ಜಗಲಿಗೆ ಹಾಕಿಕೊಂಡಿದ್ದಾರೆ.

12 ನವೆಂಬರ್

ನಿನ್ನೆ ತಿಥಿ ಆಯಿತು. ನೆಂಟರೆಲ್ಲ ಬಂದು ಹೋದರು. ಅತ್ತೆ ಎಲ್ಲರೆದುರು ಅಂದುಬಿಡುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಎಡೆಗೆ ಎಲ್ಲ ಮಾಡಿದ್ದೆವು, ಚಿತ್ರಾನ್ನ ಒಂದು ಬಿಟ್ಟು. ನಾನು ಮಾಡಲಿಲ್ಲ. ಅವರೂ ಕೇಳಲಿಲ್ಲ.

ನಾಡಿದ್ದು ಕಾರು ಬರುತ್ತದೆ. ಅಣ್ಣನಿಗೂ ಕಾಗದ ಹಾಕಿದೆ — ಎಂಜಿನು ಹೋದ ಮೇಲೆ ಬಂದು ಕರೆದುಕೊಂಡು ಹೋಗು.

14 ನವೆಂಬರ್, ಬೆಳಗ್ಗೆ ಹತ್ತು

ನಿನ್ನೆ ಸಂಜೆಯೇ ಮಾಲೂರಿನಿಂದ ಕಾರು ಎಳೆದು ತಂದರು. ಎಂಜಿನು ಕೂರಿಸಿದೆವು. ಎಣ್ಣೆ, ನೀರು, ಪೆಟ್ರೋಲು ಎಲ್ಲ ಆಯಿತು. ಕೋದಂಡರಾಮಪ್ಪನವರು ಕೋಟು ಹಾಕಿಕೊಂಡು ಬಂದಿದ್ದಾರೆ, ಮದುವೆಗೆ ಬಂದ ಹಾಗೆ. ಆವಲಪ್ಪಣ್ಣ ಹ್ಯಾಂಡಲ್ ಹಿಡಿದು ತಯಾರು. ನೋಡುತ್ತಾ ನಿಲ್ಲಲಾರದೆ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಈಗ ಅತ್ತೆ ಬಂದರು. ಇಪ್ಪತ್ತೇಳು ದಿನದ ಮೇಲೆ ಮಾತಾಡಿದರು. ಮರೆಯುವ ಮೊದಲು ಬರೆದುಕೊಳ್ಳುತ್ತೇನೆ.

"ಅವತ್ತು ಪೂಜೆ ಸಂಜೆ ನನ್ನೂ ಕೂಗ್ದ ಕಣೇ ಅವನು. ಆವಲಪ್ಪ ಹೋದ್ಮೇಲೆ. ಬಾಮ್ಮ ಇಲ್ಲಿ, ನೋಡು ಅಂತ. ಬ್ಯಾಟ್ರಿ ಬಿಟ್ಟು ತೋರಿಸ್ದ. ನಿನ್ ಸೊಸೆ ಕಬ್ಬಿಣಕ್ಕೂ ಅರಿಶಿನ ಕುಂಕುಮ ಇಕ್ಕಿ ಮುತ್ತೈದೆ ಮಾಡವ್ಳೆ ನೋಡಮ್ಮ ಅಂದ. ನಗ್ತಿದ್ದ. ನೀನು ಕಾಲಿಗ್ ಬಗ್ಗಿದ್ ದಿನದಿಂದ ಅದೇ ನಗು ಕಣ್ಣಿಗ್ ಕಟ್ಟದೆ ನಂಗೆ. ನಿಂಗ್ ಹೇಳೋಕೆ ಬಾಯಿ ಬರ್ಲಿಲ್ಲ. ನಿನ್ ಮೇಲೆ ಸಿಟ್ಟಿತ್ತು. ಇನ್ನೂ ಅದೆ."

ನನ್ನ ಪಕ್ಕ ಕೂತು, "ಆ ಹಣ್ಣು ಕಿತ್ಕೊಟ್ಟೋಳು ನಾನೇ ಅಲ್ವೇನೇ? ಪೋನೀಲೇ, ಹೋಗ್ಲಿ ಬಿಡು" ಎಂದರು.

ಸೆರಗಿನ ಗಂಟು ಬಿಚ್ಚಿದರು. ನಿಂಬೆಹಣ್ಣು. ಒಂದೇ. ಅದೇ ಗಿಡದ್ದು, ಹೆಚ್ಚಿಲ್ಲ.

"ಚಕ್ರದ ಕೆಳಗೆ ಇಕ್ಕು. ಅಲ್ಲಿ ಇಕ್ಕಿದ್ರೆ ಏನೂ ಆಗಲ್ಲ ತಾನೇ?"

ಆಗಲ್ಲ ಅತ್ತೆ ಎಂದೆ. ಎಂದೆನೋ, ಬರೀ ತಲೆ ಅಲ್ಲಾಡಿಸಿದೆನೋ.

ಹೊರಗೆ ಹ್ಯಾಂಡಲ್ ತಿರುಗಿಸಿದ ಸದ್ದು. ಒಂದು ಸಲ. ಹಿಡಿಯಲಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದಾರೆ, ಅಕ್ಷರ ಓರೆಯಾಗುತ್ತಿದೆ. ಇನ್ನೊಂದು ಸಲ. ಹಿಡಿಯಿತು. ರೀ, ಕೇಳಿಸಿತಾ, ಹಿಡಿಯಿತು, ಬೇರಿಂಗಿನ ಬಡಿತ ಇಲ್ಲ, ಒಂದಿಷ್ಟೂ ಬಡಿತ ಇಲ್ಲ, ನೀವು ತಂದದ್ದು ಸರಿಯಾಗಿ